ಧಾರವಾಡದ ಬಾಳೂ, ಬೆಂಗಳೂರಿನ ಶಾಂತಾ
ನಾರಾಯಣಪೇಟೆ, ಮಕ್ತಲ್, ಗದ್ವಾಲದ ಓಣಿಗಳಲ್ಲಿ ಕ್ರಿಕೆಟ್ ಆಡುವ ತಮ್ಮಂದಿರೇ, ಒಂದು ಹೆಸರು ನೆನಪಿಡಿ: ಪಾಲ್ವಣಕರ್ ಬಾಳೂ.

ಹುಟ್ಟಿದ್ದು ಧಾರವಾಡದಲ್ಲಿ, ದಲಿತ ಕುಟುಂಬದಲ್ಲಿ. ಪುಣೆಯಲ್ಲಿ ಪಿಚ್ ಹದ ಮಾಡುತ್ತಾ, ಇಂಗ್ಲಿಷರಿಗೆ ನೆಟ್‌ನಲ್ಲಿ ಚೆಂಡು ಎಸೆಯುತ್ತಾ ಎಡಗೈ ಸ್ಪಿನ್ ಪಳಗಿಸಿಕೊಂಡರು. ಧರ್ಮಕ್ಕೊಂದು ತಂಡವಿದ್ದ ಆ ಕಾಲದಲ್ಲಿ ಹಿಂದೂ ತಂಡಕ್ಕೆ ಅವರು ಕೀಳುವ ವಿಕೆಟ್ ಬೇಕಿತ್ತು. ಚಹಾ ಮಾತ್ರ ಪೆವಿಲಿಯನ್ ಹೊರಗೆ, ಮಣ್ಣಿನ ಕುಡಿಕೆಯಲ್ಲಿ! 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಆದರೂ ಹಿಂದೂ ತಂಡದ ನಾಯಕತ್ವ ಕೊಡಲಿಲ್ಲ. ಅದು ದಕ್ಕಿದ್ದು ತಮ್ಮ ವಿಠಲ್‌ಗೆ, 1923ರಲ್ಲಿ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಇಂಥದೇ ಒಂದು ಗೋಡೆ, ಬಣ್ಣದ ಗೋಡೆ, ಕೆಡವಿದ್ದು ಅದಕ್ಕೂ ತಡವಾಗಿ, 1947ರಲ್ಲಿ.

ಹೆಣ್ಣುಮಕ್ಕಳು? 1976ರಲ್ಲಿ ಭಾರತದ ಮಹಿಳೆಯರ ಮೊದಲ ಟೆಸ್ಟ್ ಬೆಂಗಳೂರಿನಲ್ಲೇ ನಡೆಯಿತು. ನಾಯಕಿ ಶಾಂತಾ ರಂಗಸ್ವಾಮಿ.

ಇವತ್ತು ಸಂಜೆ ಆಟಕ್ಕೆ ನಿಮ್ಮ ತಂಗಿಯನ್ನೂ ಕರೆಯಿರಿ. ಮೊದಲ ಓವರ್ ಅವಳಿಗೇ ಕೊಡಿ.