ಗಂಟಲಲ್ಲಿ ಹತ್ತು ಲಕ್ಷ ಬಡಿತ

ಮೈಕು ಇಲ್ಲದ ಕಾಲದಲ್ಲಿ ಪಿಟೀಲಿನ ದನಿ ಹಿಂದಿನ ಸಾಲಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ತಿ. ನರಸೀಪುರದ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಪಿಟೀಲು ವಿದ್ವಾಂಸ ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಕಟ್ಟಿ ಏಳು ಮಾಡಿಕೊಂಡರು. ಹಾಡುವವರಿಗೆ ಆ ಅನುಕೂಲ ಎಲ್ಲಿ? ಗಂಟಲಲ್ಲಿರುವುದು ಎರಡೇ ಧ್ವನಿತಂತು. ಗಂಡಸರಲ್ಲಿ ಉದ್ದ ಎರಡು ಸೆಂಟಿಮೀಟರಿನ ಆಸುಪಾಸು, ಹೆಂಗಸರಲ್ಲಿ ಒಂದೂವರೆಯೂ ಕಷ್ಟ.

ನಂಜನಗೂಡಿನ ಗಾಯಕಿಯೊಬ್ಬರು ಐದು ಮನೆ ಶ್ರುತಿಗೆ ಹಾಡುತ್ತಾರೆ ಎನ್ನಿ. ಆಧಾರ ಷಡ್ಜದಲ್ಲೇ ಆ ತಂತುಗಳು ಸೆಕೆಂಡಿಗೆ 196 ಸಲ ಕೂಡಿ ಅಗಲುತ್ತವೆ. ತಾರ ಷಡ್ಜ ಹಿಡಿದರೆ 392 ಸಲ. ಮೂರು ಗಂಟೆಯ ಕಚೇರಿಯಲ್ಲಿ ಪಿಟೀಲಿನ ಸರದಿ, ತನಿ ಆವರ್ತನ, ಉಸಿರಿನ ಬಿಡುವು ಎಲ್ಲ ಕಳೆದು ಒಂದೂವರೆ ಗಂಟೆ ಉಳಿಯಿತೆಂದುಕೊಳ್ಳೋಣ. ಆಕೆ ಷಡ್ಜ ಬಿಟ್ಟು ಕದಲದಿದ್ದರೂ (ಹಾಗೆ ಹಾಡಿದರೆ ಕೇಳುವವರಾರು!) ಬಡಿತಗಳು 10,58,400. ಒಂದು ಬಡಿತಕ್ಕೆ ತಂತುವಿನ ಅಂಚು ಹೋಗಿ ಬರುವ ದಾರಿ ಎರಡು ಮಿಲಿಮೀಟರ್ ಎಂದು ಹಿಡಿದರೆ ಒಂದು ಕಚೇರಿಗೆ 2 ಕಿ.ಮೀ. ದಾಟುತ್ತದೆ. ಹನ್ನೊಂದು ಕಚೇರಿ ಮುಗಿಯುವ ಹೊತ್ತಿಗೆ ಆ ಅಂಚು ನಂಜನಗೂಡಿನಿಂದ ಮೈಸೂರಿಗೆ, 23 ಕಿ.ಮೀ., ನಡೆದು ಮುಗಿಸಿರುತ್ತದೆ. ಮನೆಯ ಸಾಧನೆ, ಮಕ್ಕಳ ಪಾಠ ಇದರಲ್ಲಿ ಸೇರಿಲ್ಲ.

ಇಷ್ಟು ವೇಗ ಕಣ್ಣಿಗೆ ಸಿಗದು. ಅದಕ್ಕೇ ಗಂಟಲು ಪರೀಕ್ಷಿಸುವ ಸ್ಟ್ರೋಬೋಸ್ಕೋಪಿಯ ದೀಪ ಬಡಿತದ ವೇಗಕ್ಕಿಂತ ತುಸು ಹಿಂದುಮುಂದಾಗಿ ಮಿಣುಕುತ್ತದೆ. ನೂರಕ್ಕೂ ಹೆಚ್ಚು ಬಡಿತಗಳಿಂದ ಚೂರು ಚೂರು ಆಯ್ದು ಪರದೆಯ ಮೇಲೆ ಒಂದೇ ನಿಧಾನದ ಬಡಿತ ತೋರಿಸುತ್ತದೆ. ಅಂಚಿನಲ್ಲಿ ಸಣ್ಣ ಗಂಟು ಎದ್ದಿದ್ದರೂ ಕಾಣುತ್ತದೆ.

ದನಿಯ ಉಳಿದ ಅಳತೆಗಳಲ್ಲಿ ಹಾಡುವವರ ಮಟ್ಟಿಗೆ ಒಂದು ತೊಡಕಿದೆ. ಒಂದೇ ಉಸಿರಿಗೆ 'ಆ' ಎಂದು 15ರಿಂದ 25 ಸೆಕೆಂಡು ಎಳೆದರೆ ಸಾಮಾನ್ಯರ ಲೆಕ್ಕದಲ್ಲಿ ಆರೋಗ್ಯವೇ. ವರ್ಷಗಟ್ಟಲೆ ಅಕಾರ ಸಾಧನೆ ಮಾಡಿದವರು ದನಿ ಕೆಟ್ಟಾಗಲೂ ಅಷ್ಟು ಎಳೆದುಬಿಡಬಹುದು. ಕಂಪಿತ ಗಮಕವನ್ನು ದನಿ ಅಳೆಯುವ ಯಂತ್ರಕ್ಕೆ ಕೊಟ್ಟರೆ ಅದು ದನಿಯ ನಡುಕವೆಂದೇ ಎಣಿಸೀತು. ಹಾಡುವವರ ಕಷ್ಟ ಅಳೆಯಲೆಂದೇ 36 ಪ್ರಶ್ನೆಗಳ ಬೇರೊಂದು ಪಟ್ಟಿ ಬಂದದ್ದು ಸುಮ್ಮನೆ ಅಲ್ಲ. ನನ್ನ ಕೇಳಿದರೆ, ಗಾಯಕರನ್ನು ಹೋಲಿಸಿ ನೋಡಬೇಕಾದ್ದು ಅವರದೇ ಒಳ್ಳೆಯ ದಿನಗಳ ದನಿಯ ಜೊತೆ.

1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ತಿ. ನರಸೀಪುರ, ನಂಜನಗೂಡು ಎರಡೂ ಊರಿನಿಂದ ಹೋದ ದಿನವೇ ವಾಪಸು ಬರಬಹುದು. ದನಿ ಚೆನ್ನಾಗಿರುವಾಗಲೇ ಒಮ್ಮೆ ಅಳತೆ ಮಾಡಿಸಿ, ವರದಿ ಜೋಪಾನವಾಗಿಡಿ. ಒಡೆದ ದನಿ ಮೂರು ವಾರವಾದರೂ ಕೂಡಿಕೊಳ್ಳದಿದ್ದರೆ ಕಷಾಯ ನಂಬಿ ಕೂರದೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.