ನೀರು ಪೂರೈಕೆಯೂ ನೇಮಕಾತಿಯೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ – ಈ ನಾಲ್ಕೂ ಮಲಪ್ರಭೆಯ ಸೀಮೆಯ ಊರುಗಳು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿ, ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಅಣೆಕಟ್ಟಿನ ಹಿಂದೆ ಹರವಾಗಿ ನಿಂತು, ಮುಂದೆ ರಾಮದುರ್ಗವನ್ನು ಹಾದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ.

ನದಿಯ ನೀರು ಮನೆಯ ನಳಕ್ಕೆ ತಾನಾಗಿ ಬರುವುದಿಲ್ಲ. ಅದನ್ನು ಪಂಪಿನಿಂದ ಮೇಲೆತ್ತಬೇಕು; ಪಟಿಕವನ್ನು ಬೆರೆಸಿ ಕೆಸರನ್ನು ತಳಕ್ಕಿಳಿಸಬೇಕು; ಮರಳಿನ ಪದರಗಳಲ್ಲಿ ಸೋಸಿ, ತಕ್ಕಷ್ಟು ಕ್ಲೋರಿನ್ ಸೇರಿಸಬೇಕು; ಕೊನೆಗೆ ಓಣಿಓಣಿಗೂ ಸರದಿಯಂತೆ ನೀರು ಬಿಡಬೇಕು. ಕ್ಲೋರಿನ್ ಕಡಮೆಯಾದರೆ ರೋಗಾಣುಗಳು ಉಳಿದು ಊರಿಗೆ ವಾಂತಿಭೇದಿ ತಗಲಬಹುದು. ಆದುದರಿಂದ ಈ ಕೆಲಸಕ್ಕೆ ಯಾರನ್ನು, ಯಾವ ನಿಯಮದಂತೆ ನೇಮಿಸಬೇಕೆಂಬುದು ಕಚೇರಿಯ ಕಾಗದಪತ್ರಗಳಿಗಷ್ಟೇ ಸೇರಿದ ಸಂಗತಿಯಲ್ಲ. ಅದು ಊರಿನ ಆರೋಗ್ಯಕ್ಕೆ ಸೇರಿದ ಸಂಗತಿ.

ಈ ಪ್ರಶ್ನೆ ಹೊಸದೇನೂ ಅಲ್ಲ. ತಮಿಳುನಾಡಿನ ಉತ್ತರಮೇರೂರಿನಲ್ಲಿರುವ ಹತ್ತನೆಯ ಶತಮಾನದ ಚೋಳ ಶಾಸನವು ಗ್ರಾಮದ ಕೆರೆಯನ್ನು ನೋಡಿಕೊಳ್ಳುವ ಸಮಿತಿಯ ವಿಚಾರವನ್ನೂ ಹೇಳುತ್ತದೆ. ಸದಸ್ಯರಾಗುವವರಿಗೆ ವಯಸ್ಸು, ವಿದ್ಯೆ, ನಡತೆಗಳ ಅರ್ಹತೆ ಇರಬೇಕಾಗಿತ್ತು. ಹಿಂದಿನ ಲೆಕ್ಕ ಒಪ್ಪಿಸದವರೂ ಅವರ ಸಮೀಪ ಬಂಧುಗಳೂ ಆಯ್ಕೆಗೆ ಅನರ್ಹರಾಗಿದ್ದರು. ನೀರಿನ ಆಡಳಿತದಲ್ಲಿ ಬಂಧುತ್ವಕ್ಕೆ ಎಡೆಗೊಡಬಾರದೆಂಬ ಎಚ್ಚರ ಅಷ್ಟು ಹಿಂದೆಯೇ ಇದ್ದಿತು.

ನಮ್ಮ ಸೀಮೆಯಲ್ಲಿ ಸ್ವಾತಂತ್ರ್ಯ ಬರುವ ವೇಳೆಗೆ ನೇಮಕಾತಿಯ ರೀತಿ ಒಂದೇ ಬಗೆಯಾಗಿರಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿಗಳು ಮುಂಬಯಿ ಪ್ರಾಂತದಲ್ಲಿದ್ದವು. ರಾಮದುರ್ಗವು 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. 1956ರಲ್ಲಿ ಕನ್ನಡನಾಡು ಒಂದಾದಾಗ, ಬೇರೆ ಬೇರೆ ಆಡಳಿತಗಳಿಂದ ಬಂದ ನೌಕರರನ್ನು ಒಂದೇ ವ್ಯವಸ್ಥೆಗೆ ಹೊಂದಿಸಬೇಕಾಯಿತು. ಬಳಿಕ 1977ರಲ್ಲಿ ರಾಜ್ಯದ ನಾಗರಿಕ ಸೇವೆಗಳಿಗೆ ಸಾಮಾನ್ಯ ನೇಮಕಾತಿ ನಿಯಮಗಳು ರಚಿತವಾದವು. ಪಟ್ಟಣಗಳ ನೀರಿನ ಯೋಜನೆಗಳಿಗಾಗಿ 1973ರ ಅಧಿನಿಯಮದಂತೆ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಸ್ಥಾಪಿತವಾಯಿತು. ಸಾಮಾನ್ಯವಾಗಿ ಮಂಡಳಿ ಯೋಜನೆಯನ್ನು ಪೂರೈಸಿಕೊಟ್ಟರೆ, ದಿನನಿತ್ಯದ ನಿರ್ವಹಣೆಯ ಹೊಣೆ ಊರಿನ ಸ್ಥಳೀಯ ಸಂಸ್ಥೆಯ ಮೇಲೆ ಬೀಳುತ್ತದೆ.

ಮಂಡಳಿಯಾಗಲಿ ಪುರಸಭೆಯಾಗಲಿ ಸಂವಿಧಾನಕ್ಕೆ ಹೊರತಲ್ಲ. ಸಂವಿಧಾನದ 16ನೆಯ ಅನುಚ್ಛೇದವು ಸಾರ್ವಜನಿಕ ಉದ್ಯೋಗದಲ್ಲಿ ಎಲ್ಲ ನಾಗರಿಕರಿಗೂ ಸಮಾನ ಅವಕಾಶವನ್ನು ವಿಧಿಸಿದೆ. ಮಂಜೂರಾದ ಹುದ್ದೆ, ಬಹಿರಂಗ ಪ್ರಕಟಣೆ, ಗೊತ್ತಾದ ಅರ್ಹತೆ, ನಿಷ್ಪಕ್ಷಪಾತವಾದ ಆಯ್ಕೆ, ಹಿಂದುಳಿದವರಿಗೆ ಮೀಸಲಾತಿ – ಇವು ಆ ತತ್ತ್ವದ ಅಂಗಗಳು. ವಶೀಲಿಯಿಂದ ಒಬ್ಬನಿಗೆ ಕೆಲಸ ದೊರೆತರೆ, ಅರ್ಜಿ ಹಾಕುವ ಅವಕಾಶವೇ ಇಲ್ಲದೆ ಅನೇಕರು ವಂಚಿತರಾಗುತ್ತಾರೆ.

ಆದರೆ ನಿಯಮವಿದ್ದ ಮಾತ್ರಕ್ಕೆ ಸಮಸ್ಯೆ ತೀರುವುದಿಲ್ಲ. ಹುದ್ದೆಗಳು ವರ್ಷಗಟ್ಟಲೆ ತೆರವಾಗಿ ಉಳಿದರೂ ಕೆಲಸ ನಿಲ್ಲುವಂತಿಲ್ಲ. ಆಗ ದಿನಗೂಲಿಯ ಮೇಲೆ ಜನರನ್ನು ತೆಗೆದುಕೊಳ್ಳುವುದು ರೂಢಿಯಾಗುತ್ತದೆ. ಹೀಗೆ ಬಂದವರು ಹತ್ತಾರು ವರ್ಷ ದುಡಿದರೂ ಭದ್ರತೆ ಕಾಣುವುದಿಲ್ಲ. ನೆರೆಯ ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘವು ಹೂಡಿದ ಮೊಕದ್ದಮೆಯಲ್ಲಿ, ಹತ್ತು ವರ್ಷ ದುಡಿದವರನ್ನು ಹಂತಹಂತವಾಗಿ ಖಾಯಂಗೊಳಿಸುವ ಯೋಜನೆಗೆ ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ದಾರಿಮಾಡಿತು. 2006ರಲ್ಲಿ, ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ, ಐವರು ನ್ಯಾಯಾಧೀಶರ ಪೀಠವು ನಿಯಮ ಮೀರಿ ಸೇರಿದವರಿಗೆ ಖಾಯಮಾತಿ ಹಕ್ಕಾಗಲಾರದೆಂದು ತೀರ್ಪಿತ್ತಿತು. ಮಂಜೂರಾದ ಹುದ್ದೆಗಳಲ್ಲಿ, ಅರ್ಹತೆಯಿದ್ದು, ನ್ಯಾಯಾಲಯದ ಆಜ್ಞೆಯ ಆಸರೆಯಿಲ್ಲದೆ ಹತ್ತು ವರ್ಷ ದುಡಿದವರನ್ನು ಮಾತ್ರ ಒಂದು ಸಲಕ್ಕೆ ಪರಿಗಣಿಸಬಹುದೆಂದು ಹೇಳಿತು.

ಈ ಎರಡು ತೀರ್ಪುಗಳು ಎರಡು ನ್ಯಾಯಗಳನ್ನು ಎತ್ತಿ ತೋರಿಸುತ್ತವೆ. ಒಂದು, ವರ್ಷಗಟ್ಟಲೆ ನೀರು ಬಿಟ್ಟು ಮುಪ್ಪಾಗುತ್ತಿರುವ ಕೆಲಸಗಾರನಿಗೆ ಸಲ್ಲಬೇಕಾದ ನ್ಯಾಯ. ಇನ್ನೊಂದು, ಅರ್ಹತೆಯಿದ್ದೂ ಪ್ರಕಟಣೆಯನ್ನೇ ಕಾಣದ ತರುಣನಿಗೆ ಸಲ್ಲಬೇಕಾದ ನ್ಯಾಯ. ಒಂದನ್ನು ಉಳಿಸಲು ಇನ್ನೊಂದನ್ನು ಬಲಿಗೊಡಬೇಕಾದ ಸ್ಥಿತಿ ಬಂದುದಾದರೂ ಏಕೆ? ತೆರವಾದ ಹುದ್ದೆಗಳನ್ನು ಸಕಾಲದಲ್ಲಿ ತುಂಬದಿರುವುದೇ ಅದಕ್ಕೆ ಮುಖ್ಯ ಕಾರಣ.

ಆದುದರಿಂದ ಸುಧಾರಣೆಯು ಅಲ್ಲಿಂದಲೇ ಮೊದಲಾಗಬೇಕು. ಎಷ್ಟು ಮನೆಗಳಿಗೆ ಎಷ್ಟು ಮಂದಿ ಕೆಲಸಗಾರರು ಬೇಕೆಂದು ಲೆಕ್ಕಹಾಕಿ ಹುದ್ದೆಗಳನ್ನು ಮಂಜೂರು ಮಾಡಬೇಕು. ನಿವೃತ್ತಿಯ ದಿನ ಮೊದಲೇ ತಿಳಿದಿರುವುದರಿಂದ, ಹೊಸಬರ ಆಯ್ಕೆಯೂ ಮೊದಲೇ ಆರಂಭವಾಗಬೇಕು. ಪರೀಕ್ಷೆಯು ಬಾಯಿಪಾಠವನ್ನಷ್ಟೇ ಅಳೆಯದೆ, ಪಂಪನ್ನು ನಡೆಸುವ, ನೀರನ್ನು ಪರೀಕ್ಷಿಸುವ ಕೌಶಲವನ್ನೂ ಅಳೆಯಬೇಕು. ದಿನಗೂಲಿಯ ಅನುಭವಕ್ಕೆ ನಿಯಮದಲ್ಲಿಯೇ ಮಿತವಾದ ಮನ್ನಣೆಯಿರಬೇಕು. ಅದು ಯಾರದೋ ಕೃಪೆಯಾಗಬಾರದು.

ನಾಳೆ ನಿಮ್ಮಲ್ಲಿ ಕೆಲವರು ಇಂಥ ಹುದ್ದೆಗೆ ಅರ್ಜಿ ಸಲ್ಲಿಸುವಿರಿ. ಉಳಿದವರು ನಳದ ಮುಂದೆ ಕೊಡ ಹಿಡಿದು ನಿಲ್ಲುವಿರಿ. ನೇಮಕಾತಿ ನ್ಯಾಯವಾಗಿ ನಡೆಯಬೇಕೆಂಬುದು ಈ ಇಬ್ಬರ ಹಿತವೂ ಹೌದು.