ಗಿಟಾರ್ ಗುಂಯ್ ಎಂದರೆ ಎಲ್ಲಿ ಹುಡುಕಬೇಕು?

ಬೀದರಿನ ಚರ್ಚಿನಲ್ಲಿ ಕ್ರಿಸ್‌ಮಸ್ ಹಾಡುಗಳ ತಾಲೀಮಿರಲಿ, ಭಾಲ್ಕಿಯ ಮದುವೆ ಆರ್ಕೆಸ್ಟ್ರಾ ಇರಲಿ, ಔರಾದಿನ ಜಾತ್ರೆಯ ಸ್ಟೇಜಿರಲಿ, ಎಲೆಕ್ಟ್ರಿಕ್ ಗಿಟಾರಿನ ವಾಲ್ಯೂಮ್ ಏರಿಸುತ್ತಿದ್ದಂತೆ ಸ್ಪೀಕರ್ ಗುಂಯ್ ಎಂದರೆ ಬರುವ ಮಾತು ಒಂದೇ: ‘ಅರ್ಥಿಂಗ್ ಬರೋಬರಿ ಇಲ್ರಿ.’ ಆಮೇಲೆ ಯಾರಾದರೂ ಕಬ್ಬಿಣದ ಸರಳು ಹುಡುಕಿ ಸ್ಟೇಜಿನ ಪಕ್ಕ ನೆಟ್ಟು ನೀರು ಸುರಿಯುತ್ತಾರೆ. ಈ ಶ್ರಮ ಬಹುಪಾಲು ವ್ಯರ್ಥ. ಕೆಲವು ಸಲ ಗುಂಯ್ ಇನ್ನೂ ಜಾಸ್ತಿಯಾಗುತ್ತದೆ.

ಗಿಟಾರಿನ ಪಿಕಪ್ ಎಂದರೆ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಆಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲಿನ ಉಕ್ಕಿನ ತಂತಿ ನಡುಗಿದಾಗ ಕಾಂತಕ್ಷೇತ್ರ ಏರಿಳಿದು ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ತತ್ವವಿದು. ಪಕ್ಕದ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವೂ ಅದೇ ಸುರುಳಿಯನ್ನು ಹಾಯುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಆವರ್ತಿಸುವುದರಿಂದ 50 ಹರ್ಟ್ಸ್‌ನ ಮಂದ್ರ ಸ್ವರ ಕೇಳಿಸುತ್ತದೆ. ಜೊತೆಗೆ 100, 150 ಹರ್ಟ್ಸ್‌ಗಳೂ ಸೇರಿದರೆ ಕರಕರೆ ಹೆಚ್ಚು. ಜನರೇಟರ್ ಮೇಲೆ ನಡೆಯುವ ಸ್ಟೇಜಿನಲ್ಲಿ ಲೋಡ್ ಬದಲಾದಾಗ ಈ ಶ್ರುತಿಯೇ ಸ್ವಲ್ಪ ಅಲುಗಾಡುತ್ತದೆ.

ಮೊದಲು ಗಿಟಾರ್ ಹಿಡಿದು ನಿಂತಲ್ಲೇ ನಿಧಾನವಾಗಿ ತಿರುಗಿ. ದಿಕ್ಕು ಬದಲಾದಂತೆ ಗುಂಯ್ ಏರಿಳಿದರೆ ಅದು ಕಾಂತಕ್ಷೇತ್ರದ ಕೆಲಸ. ತಾಮ್ರದ ಹಾಳೆ ಅಂಟಿಸಿದರೂ ಅದು ನಿಲ್ಲದು. ಆ್ಯಂಪ್‌ನಿಂದ, ಲೈಟಿನ ಡಿಮ್ಮರಿನಿಂದ ದೂರ ಸರಿಯಬೇಕು. ಇಲ್ಲವೇ ಹಂಬಕರ್ ಪಿಕಪ್ ಬೇಕು. ಗಿಬ್ಸನ್ ಕಂಪನಿಯಲ್ಲಿದ್ದ ಸೆತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಇದರಲ್ಲಿ ಎರಡು ಸುರುಳಿಗಳು. ಒಂದರ ಸುತ್ತೂ ಕಾಂತಧ್ರುವವೂ ಇನ್ನೊಂದಕ್ಕೆ ತಿರುಗುಮುರುಗು. ಹೊರಗಿನ ಗುಂಯ್ ಎರಡರಲ್ಲೂ ಎದುರುಬದುರಾಗಿ ಹುಟ್ಟಿ ಅಳಿಯುತ್ತದೆ, ತಂತಿಯ ನಾದ ಮಾತ್ರ ಒಂದಕ್ಕೊಂದು ಕೂಡುತ್ತದೆ. ಇಷ್ಟು ಸರಳ, ಇಷ್ಟು ಸೊಗಸಾದ ಉಪಾಯ ಸಂಗೀತದ ಉಪಕರಣಗಳಲ್ಲಿ ಅಪರೂಪ.

ತಿರುಗಿದರೂ ಬದಲಾಗದಿದ್ದರೆ ತಂತಿಯ ಮೇಲೆ ಕೈಯಿಡಿ. ಗುಂಯ್ ಇಳಿಯಿತೇ? ಹಾಗಾದರೆ ಗಿಟಾರಿನ ಗ್ರೌಂಡ್ ಜೋಡಣೆ ಸರಿಯಿದೆ. ಸುತ್ತಲಿನ ವೈರುಗಳ ವಿದ್ಯುತ್ ಕ್ಷೇತ್ರವನ್ನು ನಮ್ಮ ಮೈ ಆಂಟೆನಾದಂತೆ ಹಿಡಿದು ಪಿಕಪ್‌ಗೆ ದಾಟಿಸುತ್ತಿತ್ತು. ತಂತಿ ಮುಟ್ಟಿದಾಗ ಮೈಯೂ ಗ್ರೌಂಡಿಗೆ ಸೇರಿತು. ಒಳಗಿನ ಗುಳಿಗಳಿಗೆ ತಾಮ್ರದ ಹಾಳೆ ಅಂಟಿಸಿ ಅದನ್ನು ಗ್ರೌಂಡಿಗೆ ಬೆಸೆದರೆ ಇದು ಬಹುಮಟ್ಟಿಗೆ ಹೋಗುತ್ತದೆ. ಮುಟ್ಟಿದಾಗ ಏನೂ ಆಗದಿದ್ದರೆ, ಅಥವಾ ಹೆಚ್ಚಾದರೆ, ಗಿಟಾರ್ ಬಿಚ್ಚಲೇಬೇಕು. ಮಲ್ಟಿಮೀಟರಿನ ಒಂದು ಕಡ್ಡಿ ಬ್ರಿಜ್ಜಿಗೆ, ಇನ್ನೊಂದು ಜಾಕಿನ ಹೊರತೋಳಿಗೆ ಇಟ್ಟರೆ ಬೀಪ್ ಬರಬೇಕು. ಬರದಿದ್ದರೆ ಬ್ರಿಜ್ಜಿನಿಂದ ವಾಲ್ಯೂಮ್ ಪಾಟ್‌ನ ಬೆನ್ನಿಗೆ ಹೋಗುವ ಕಪ್ಪು ವೈರನ್ನು ಹುಡುಕಿ. ಸ್ಟ್ರಾಟ್ ಮಾದರಿಯಲ್ಲಿ ಅದು ಹಿಂಭಾಗದ ಸ್ಪ್ರಿಂಗುಗಳನ್ನು ಹಿಡಿದ ತಗಡಿಗೆ ಬೆಸೆದಿರುತ್ತದೆ. ಅಲ್ಲಿನ ಬೆಸುಗೆ ಹೊಳೆಯದೆ ಬೂದು ಬಣ್ಣಕ್ಕೆ ತಿರುಗಿ ಮುದ್ದೆಯಂತೆ ಕೂತಿದ್ದರೆ ಅದು ಹಿಡಿದಿರಲಿಕ್ಕಿಲ್ಲ. ಆ ವೈರೂ ಬೆಸುಗೆಯೂ ಸರಿಯಿದ್ದು, ಮುಟ್ಟಿದಾಗ ಸದ್ದು ಜೋರಾದರೆ ಜಾಕಿನಲ್ಲಿ ಎರಡು ವೈರು ಅದಲುಬದಲಾಗಿರಬಹುದು.

ಗಮನಿಸಿ, ಇಲ್ಲಿಯವರೆಗೆ ಮಣ್ಣಿನ ಮಾತೇ ಬಂದಿಲ್ಲ. ಗಿಟಾರಿನ ಗ್ರೌಂಡ್ ಬರೀ ಸಿಗ್ನಲ್ ಹಿಂದಿರುಗುವ ದಾರಿ. ಸ್ಟೇಜಿಗೊಂದು, ಮಿಕ್ಸರಿಗೊಂದು ಬೇರೆ ಸರಳು ನೆಟ್ಟರೆ ಎರಡರ ವೋಲ್ಟೇಜ್ ಒಂದೇ ಇರುವುದಿಲ್ಲ. ಆ ವ್ಯತ್ಯಾಸ ಸಿಗ್ನಲ್ ವೈರಿನ ಹೊದಿಕೆಯಲ್ಲಿ ಹರಿದು ಹೊಸ ಗುಂಯ್ ಎಬ್ಬಿಸುತ್ತದೆ. ಎಲ್ಲಕ್ಕೂ ಒಂದೇ ಬೋರ್ಡಿನಿಂದ ಲೈನ್ ಕೊಡುವುದು, ಆಗದಿದ್ದರೆ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಇಡುವುದು ಇದಕ್ಕೆ ಮದ್ದು.

ಹಾಗೆಂದು ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್‌ನ ದಪ್ಪ ಪಿನ್ನು ತೆಗೆದು ಗುಂಯ್ ನಿಲ್ಲಿಸುವವರನ್ನು ದಯವಿಟ್ಟು ತಡೆಯಿರಿ. ಗಿಟಾರಿನ ತಂತಿಗಳು ಆ್ಯಂಪ್‌ನ ಲೋಹದ ಮೈಗೆ ಕೂಡಿಕೊಂಡಿರುತ್ತವೆ. ಆ್ಯಂಪ್‌ನೊಳಗೆ ಫೇಸ್ ತಗುಲಿದರೆ ತಂತಿಯಲ್ಲೇ 230 ವೋಲ್ಟ್. ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರಲ್ಲಿ ಸ್ವಾನ್ಸೀಯ ವೇದಿಕೆಯಲ್ಲೇ ಕರೆಂಟ್ ಹೊಡೆದು ತೀರಿಕೊಂಡರು.

ಮಣ್ಣು ಲೆಕ್ಕಕ್ಕೆ ಬರುವುದು ಜೀವ ಕಾಯುವ ಈ ಜಾಗದಲ್ಲಿ. ಬೀದರ್ ನಗರ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ನೀರು ಬಸಿದು ಕೆಳಗಿಳಿಯುವ, ನೌಬಾದಿನ ಕರೇಜಿಗೆ, ಅಂದರೆ ನೆಲದೊಳಗಿನ ನೀರಿನ ಸುರಂಗಕ್ಕೆ, ಆಸರೆಯಾದ ನೆಲ. ಒಣಗಿದಾಗ ಅದು ಕರೆಂಟಿಗೆ ದಾರಿ ಕೊಡುವುದು ಕಷ್ಟ. ಭಾಲ್ಕಿ, ಔರಾದಿನ ಎರೆಮಣ್ಣು ಹಸಿಯಿದ್ದಾಗ ಒಳ್ಳೆಯ ವಾಹಕ, ಬೇಸಿಗೆಯಲ್ಲಿ ಬಿರುಕುಬಿಟ್ಟು ಸರಳಿನ ಹಿಡಿತ ಸಡಿಲಿಸುತ್ತದೆ. ಅರ್ಥ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿ ನೀರು ಹಾಕುವುದು ಇದಕ್ಕೇ. ಅರ್ಥ್‌ನ ರೋಧ 50 ಓಮ್ ಇದ್ದರೆ 230 ವೋಲ್ಟ್‌ಗೆ ಹರಿಯುವುದು 4.6 ಆಂಪಿಯರ್, 16 ಆಂಪಿಯರಿನ ಎಂಸಿಬಿ ಬೀಳುವುದೇ ಇಲ್ಲ, ಆ್ಯಂಪ್‌ನ ಮೈಯಲ್ಲಿ ಕರೆಂಟ್ ಹಾಗೇ ಉಳಿಯುತ್ತದೆ. ಆದ್ದರಿಂದ ಸ್ಟೇಜಿನ ಬೋರ್ಡಿಗೆ, ಕರೆಂಟ್ ಸೋರಿದೊಡನೆ ಲೈನ್ ಕತ್ತರಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಗಿಟಾರ್ ಶ್ರುತಿ ಮಾಡುವ ಮುಂಚೆಯೇ ಒತ್ತಿ ನೋಡಿ.